ಮಕ್ಕಳ ವಾರ್ಡಿನಲ್ಲಿ ಫೇಲಾಗುವ ವಿಧಾನಗಳು

ಈಗ ನಾನು ಮಂಡ್ಯದ ಮಕ್ಕಳ ಆಸ್ಪತ್ರೆಯೊಂದರಲ್ಲಿ ಡಾಕ್ಟರಾಗುವವರಿಗೆ ಪಾಠ ಹೇಳುತ್ತೇನೆ. ಇಲ್ಲೇ ಓದುವಾಗ ವಾರಕ್ಕೊಮ್ಮೆ ನನ್ನ ಮಾನ ಹೋಗುತ್ತಿತ್ತು. ಆ ಪದ್ಧತಿ ಈಗಲೂ ತಪ್ಪಿಲ್ಲ. ಎಂ.ಡಿ. ಪರೀಕ್ಷೆಯಲ್ಲಿ ಮೊದಲ ಸಲ ಡುಮ್ಕಿ ಹೊಡೆದಾಗ ನಮ್ಮ ಪ್ರೊಫೆಸರು, "ನಾನೂ ಇಲ್ಲೇ ಓದಿದವನು, ಒಂದೇ ಏಟಿಗೆ ಪಾಸು. ಇನ್ನೊಂದ್ಸಲ ಫೇಲಾದರೆ ನನಗೆ ಮುಖ ತೋರಿಸ್ಬೇಡಿ" ಅಂದಿದ್ದರು. ಫೇಲಾಗದೆ ಏನು ಮಾಡಲಿ, ನನ್ನ ಯೋಗ್ಯತೆ ಕೇಳಿ.

ಕೊಕ್ಕರೆ ಲೆಕ್ಕ

ವರ್ಷಾ ವರ್ಷಾ ಕೊಕ್ಕರೆಗಳು ಗೂಡು ಕಟ್ಟಲು ಬರುವ ಕೊಕ್ಕರೆ ಬೆಳ್ಳೂರಿನ ತಾಯಿಯೊಬ್ಬಳು ಮಗು ತಂದಿದ್ದಳು. ಕತ್ತು ನಿಂತದ್ದು ಯಾವಾಗ, ಕೂತದ್ದು ಯಾವಾಗ ಎಂದು ಕೇಳಿದೆ.

"ಕೊಕ್ಕರೆ ಬಂದಾಗ ಕತ್ತು ನಿಂತ್ಕತ್ತು, ಕೊಕ್ಕರೆ ಓದಾಗ ಕೂತ್ಕತ್ತು."

ಹಾಗೇ ಬರೆದುಕೊಂಡು ಪ್ರೊಫೆಸರ ಮುಂದೆ ಓದಿದೆ. "ಕೊಕ್ಕರೆ ಬರೋದು ಯಾವ ತಿಂಗಳು ರೀ?" ಎಂದರು. ನಾನು ಹುಟ್ಟಿ ಬೆಳೆದದ್ದು ಆ ಊರಿಗೆ ಹತ್ತಿರದ ಮದ್ದೂರಿನಲ್ಲಿ, ಆದರೂ ಗೊತ್ತಿರಲಿಲ್ಲ. ವಾಪಸು ಹೋಗಿ ಅವಳನ್ನೇ ಕೇಳಿದೆ. ಅವಳು ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು.

"ಅಷ್ಟೂ ಗೊತ್ತಿಲ್ವಾ? ಬೇರೆ ಡಾಕುಟ್ರು ಇದ್ರೆ ಕರೀರಣ್ಣ."

ಮೊದಲು ಗಂಟಲು

ಮಕ್ಕಳ ಎದೆಬಡಿತ ಮೊದಲು ಕೇಳಬೇಕು, ಗಂಟಲು ಕೊನೆಗೆ ನೋಡಬೇಕು. ನಾನು ಉತ್ಸಾಹದಲ್ಲಿ ಮೊದಲೇ ಚಮಚ ಹಾಕಿ ಗಂಟಲು ನೋಡಿದೆ. ಮಗು ಚೀರಿತು, ಅದನ್ನು ಕಂಡು ವಾರ್ಡಿನ ಹದಿನೆಂಟು ಮಕ್ಕಳೂ ಬಾಯಿ ತೆಗೆದವು. ಪ್ರೊಫೆಸರು ಓಡಿಬಂದರು.

"ಎದೆಬಡಿತ ಕೇಳಿಸ್ತೇನ್ರೀ?"

"ಇಲ್ಲ ಸರ್. ಆದ್ರೆ ಹದಿನೆಂಟು ಗಂಟಲೂ ಚೆನ್ನಾಗಿವೆ ಸರ್."

ಮಳವಳ್ಳಿ ಅಜ್ಜಿ

ಎರಡನೇ ಸಲ ಪರೀಕ್ಷೆ. ಒಬ್ಬೊಬ್ಬರಿಗೂ ಒಂದೊಂದು ಮಗು ಕೊಟ್ಟು ಕಾಯಿಲೆ ಕಂಡುಹಿಡಿಯಲು ಹೇಳುತ್ತಾರೆ. ನನ್ನ ಪಾಲಿಗೆ ಬಂದದ್ದು ಮಳವಳ್ಳಿ ಕಡೆಯ ಅಜ್ಜಿಯೊಬ್ಬಳ ಮೊಮ್ಮಗಳು. ಆ ಮನೆಯವರಿಗೆ ತಲೆತಲಾಂತರದಿಂದ ಹೊಟ್ಟೆಯೊಳಗಿನ ಗುಲ್ಮ, ಅಂದರೆ ಸ್ಪ್ಲೀನು, ದೊಡ್ಡದಾಗುವ ಕಾಯಿಲೆ, ಹಾಗಾಗಿ ಪ್ರತಿ ಪರೀಕ್ಷೆಗೂ ಅವರನ್ನು ಕರೆಸುತ್ತಿದ್ದರು. ಪಕ್ಕೆಲುಬಿನ ಹತ್ತಿರ ಒತ್ತಿ ಒತ್ತಿ ನೋಡಿದೆ, ಗುಲ್ಮದ ಅಂಚು ಸಿಗಲಿಲ್ಲ. ಮುಗಿಯಿತು ನನ್ನ ಕಥೆ ಎಂದು ಅಳುವೇ ಬಂತು. ಅಜ್ಜಿ ಮೆಲ್ಲಗೆ ಅಂದಳು:

"ಕೆಳ್ಗಿಂದ ಬನ್ನಿ ಡಾಕುಟ್ರೇ. ಮ್ಯಾಲಿಂದ ಬಂದೋರೆಲ್ಲ ಫೇಲಾಗವ್ರೆ."

ಕೆಳಗಿಂದ ಬಂದೆ. ಹೊಕ್ಕುಳ ಹತ್ತಿರವೇ ಅಂಚು ಬೆರಳಿಗೆ ತಾಕಿತು. ಅಷ್ಟರಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕರು ನಮ್ಮ ಪ್ರೊಫೆಸರ ಜೊತೆ ಬಂದು ನನ್ನ ಕೈ ಎಲ್ಲಿದೆ ಎಂದು ನೋಡಿದರು.

"ಭೇಷ್! ಯಾರಪ್ಪ ಹೇಳಿಕೊಟ್ಟದ್ದು?"

"ನಮ್ಮ ಪ್ರೊಫೆಸರು ಸರ್" ಎಂದುಬಿಟ್ಟೆ. ಪ್ರೊಫೆಸರು ಉಬ್ಬಿಹೋದರು. ಅಜ್ಜಿಗೆ ತಡೆಯಲಾಗಲಿಲ್ಲ.

"ಅವ್ರಿಗೂ ನಾನೇ ಏಳ್ಕೊಟ್ಟಿದ್ದು ಕಣ್ ಸ್ವಾಮಿ, ಇವ್ಳ ಅಪ್ಪ ಚಿಕ್ಕೋನಿದ್ದಾಗ ಅವ್ನ ಒಟ್ಟೆ ಮ್ಯಾಲೆ. ಎರಡ್ ಸಲ ಡುಮ್ಕಿ ಒಡ್ದು ಮೂರ್ನೇ ಸಲಕ್ಕೆ ಕಲ್ತ್ರು. ಈಯಪ್ಪನೇ ವಾಸಿ ಬುಡಿ!"