ಬೀಗರ ಕುತ್ತಿಗೆ, ನನ್ನ ಬೆರಳು

ನಾನು ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದವನು. ಇಂದಿಗೂ ನಮ್ಮ ಅರಸೀಕೆರೆಯ ಮನೆಯಲ್ಲಿ ಚಪ್ಪಲಿಗಳು ಸಾಲಾಗಿ ನಿಲ್ಲುತ್ತವೆ. ಅಂಥ ಮನೆಯ ಯಜಮಾನನ ಬಲಗೈ ತೋರುಬೆರಳ ಮೇಲೆ, ಅಪ್ಪಣೆ ಕೇಳದೆ, ಒಂದು ನರುಳ್ಳೆ ಎದ್ದಿತು!

ಫೋನಿನಲ್ಲಿ ಹುಡುಕಿದೆ. ಕಾರಣ ವೈರಸ್, ಮುಟ್ಟಿದರೆ ಹರಡುತ್ತದೆ ಎಂದಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಬಿಸಿನೀರು, ಸೋಪು, ಒಗೆದ ಟವೆಲು ಎಂದು ಬಾಳಿದವನಿಗೆ ಇದನ್ನು ಅಂಟಿಸಿದ ದ್ರೋಹಿ ಯಾರು? ತನಿಖೆ ಆರಂಭಿಸಿದೆ.

ಅಷ್ಟರಲ್ಲಿ ಹಳೇಬೀಡಿನಿಂದ ಬೀಗರು ಬಂದರು, ತುಂಬು ಗರ್ಭಿಣಿಯಾದ ನನ್ನ ಮಗಳನ್ನು ನಮ್ಮಲ್ಲಿಗೆ ಹೆರಿಗೆಗೆ ಕಳಿಸುವ ದಿನ ಗೊತ್ತುಮಾಡಲು. ಸ್ನಾನ ಮುಗಿಸಿ, ಬರಿಮೈಯಲ್ಲಿ ಪೂಜೆಗೆ ಕುಳಿತರು. ಕುತ್ತಿಗೆಯ ಸುತ್ತ, ರುದ್ರಾಕ್ಷಿ ಸರದ ಪಕ್ಕದಲ್ಲೇ, ಮಾಂಸದ ಸಣ್ಣ ಸಣ್ಣ ಕಾಳುಗಳು! ಅಪರಾಧಿ ಸಿಕ್ಕಿದ. ಕಳೆದ ಸಲ ಇಬ್ಬರೂ ಒಂದೇ ವಿಭೂತಿ ಗಟ್ಟಿಗೆ ಬೆರಳು ತಿಕ್ಕಿದ್ದೆವಲ್ಲ!

ಬೀಗರು ವಿಭೂತಿ ತಟ್ಟೆಗೆ ಕೈ ಚಾಚಿದರು. ನಾನು ತಟ್ಟೆ ಹಿಂದಕ್ಕೆಳೆದು, ಗಟ್ಟಿಯಿಂದ ಒಂದು ಚೂರು ಮುರಿದು, ಕಾಗದದ ಮೇಲಿಟ್ಟು ಅವರತ್ತ ತಳ್ಳಿದೆ.

“ಇದ್ಯಾಕೆ ಬೀಗ್ರೇ?”

“ಸೋಂಕು ನಿಯಂತ್ರಣ ಕ್ರಮ. ನಿಮ್ಮ ಕುತ್ತಿಗೆ…”

ಬೀಗರು ಎದ್ದು ಅಂಗಿ ತೊಟ್ಟರು.

“ಹಂಗಾದ್ರೆ ನಮ್ಮ ಸೊಸೆಗೂ ಸೋಂಕು ಐತೆ ಬಿಡ್ರಿ. ಕಳ್ಸಾಕಿಲ್ಲ. ಹೆರಿಗೆ ನಮ್ಮನೇಲೇ ಆಗ್ಲಿ!”

ಹಾಕಿದ ಎಲೆ ಹಾಗೇ ಉಳಿಯಿತು. ಬೀಗರು ಉಣ್ಣದೆ ಹೋದರು!

“ವಿಭೂತಿ ಮುರಿದು ಕೊಡೋಕೆ ಅದೇನು ಕಡ್ಲೆಮಿಠಾಯಿನೇನ್ರೀ?” ಹೆಂಡತಿ ಗುಡುಗಿದಳು. “ಮಗಳು ಬರ್ದಿದ್ರೆ ನಿಮಗೇ ಬಾಣಂತನ ಮಾಡ್ತೀನಿ, ನೋಡ್ತಿರಿ!”

ಕ್ಷಮೆ ಕೇಳುವುದೇ? ವಿಜ್ಞಾನ ನನ್ನ ಪರ ಇರುವಾಗ? ಹಳೇಬೀಡಿನ ಬಸ್ಸು ಹತ್ತಿದೆ. “ಡಾಕ್ಟರೇ ಹೇಳಲಿ, ಬನ್ನಿ” ಎಂದು ಬೀಗರನ್ನು ಬೇಲೂರಿನ ಚರ್ಮದ ಡಾಕ್ಟರಮ್ಮನ ಮುಂದೆ ಹಾಜರುಪಡಿಸಿದೆ.

ಆಕೆ ಅವರ ಕುತ್ತಿಗೆ ನೋಡಿದರು. “ವಯಸ್ಸಾಗಿ, ಮೈ ಬಂದು, ಚರ್ಮ ಉಜ್ಜಿ ಉಜ್ಜಿ ಆಗೋವು ಇವು. ಯಾರಿಗೂ ಅಂಟಲ್ಲ.”

“ಇದರಲ್ಲಿ ವೈರಸ್ಸಿನ ಪಾತ್ರ ಇಲ್ಲವೇ ಇಲ್ಲ ಅಂತೀರಾ?”

“ಹುಡುಕ್ತಾ ಇದ್ದಾರೆ. ಗಟ್ಟಿ ಪುರಾವೆ ಇನ್ನೂ ಸಿಕ್ಕಿಲ್ಲ.”

“ನೋಡಿದಿರಾ! ತನಿಖೆ ಮುಗಿದಿಲ್ಲ!” ಎಂದು ಎದ್ದು ನಿಂತು ತೋರುಬೆರಳು ಎತ್ತಿದೆ.

ಡಾಕ್ಟರಮ್ಮ ಆ ಬೆರಳನ್ನೇ ನೋಡಿದರು. “ಇದರಲ್ಲಿ ಮಾತ್ರ ಅನುಮಾನವಿಲ್ಲ. ವೈರಸ್ಸೇ. ಯಾರಿಗೂ ಮುಟ್ಟಿಸಬೇಡಿ!”

ಬೀಗರು ಕೆಮ್ಮು ಬರುವಷ್ಟು ನಕ್ಕರು. “ಸೊಸೇನ ಕಳಿಸ್ತೀನಿ ಕಣ್ರೀ. ಆದ್ರೆ ಆ ಬೆರಳು ನೆಟ್ಟಗಾಗೋ ತನಕ ಮಗೂನ ನೀವು ಎತ್ತಂಗಿಲ್ಲ!”

ಮಗಳು ಬಂದಳು. ಮೊಮ್ಮಗಳೂ ಬಂದಳು. ನರುಳ್ಳೆ ಮಾತ್ರ ಯಾವ ಔಷಧಿಗೂ ಬಗ್ಗದೆ ಕುಳಿತಿದೆ. ಎಂಥ ಅನ್ಯಾಯ!

ನಿನ್ನೆ ತೊಟ್ಟಿಲಲ್ಲಿ ಮಗು ಅತ್ತಿತು. ಓಡಿದೆ.

“ಮುಟ್ಬೇಡಿ!” ಅಡುಗೆಮನೆಯಿಂದ ಹೆಂಡತಿ ಕೂಗಿದಳು. “ಬೇಕಾದ್ರೆ ದೂರ ನಿಂತು ಜೋಗುಳ ಹಾಡಿ.”

ಹಾಡಿದೆ. ಅಳು ದುಪ್ಪಟ್ಟಾಯಿತು. ಮೊಮ್ಮಗಳನ್ನು ನೋಡಲು ಬಂದಿದ್ದ ಬೀಗರು ಜಗಲಿಯಿಂದ ಎದ್ದು ಬಂದು ಎತ್ತಿಕೊಂಡರು.

ಮಗು ನಕ್ಕಿತು!