ಪಾಪನಿವೇದನೆಗೊಂದು ಪರದೆ

ಒಳ್ಳೆಯದು ಮಾಡಲು ನಾಲ್ಕು ಜನ ಸೇರಿ ಸಮಿತಿ ಮಾಡಿಕೊಂಡರೆ ಮೊದಲು ಗೊಂದಲ ಆಗುತ್ತದೆ, ಒಳ್ಳೆಯದು ಆಮೇಲೆ ನಿಧಾನಕ್ಕೆ ಆಗುತ್ತದೆ. ಎಂಬತ್ತರ ದಶಕದಲ್ಲಿ ರಾಜಾಜಿನಗರದ ನಮ್ಮ ಚರ್ಚಿನಲ್ಲಿ ಇದು ನಡೆಯುತ್ತಲೇ ಇತ್ತು. ನಾನು ಸಮಿತಿಯ ಕಾರ್ಯದರ್ಶಿ. ಹಾಗಾಗಿ ಎಲ್ಲ ಗೊಂದಲದಲ್ಲೂ ನನಗೊಂದು ಪಾಲು.

ಹೊಸದಾಗಿ ಬಂದ ಫಾದರ್, "ಅಂಗವಿಕಲರು ಯಾರೂ ಹೊರಗೆ ಉಳಿಯಬಾರದು" ಎಂದರು. ನಮ್ಮ ಕಣ್ಣಿಗೆ ಮೊದಲು ಬಿದ್ದವರು ಸುಂಕದಕಟ್ಟೆಯ ದರ್ಜಿ. ಹುಟ್ಟಿದಾಗಿನಿಂದ ಕಿವಿ ಕೇಳದು, ಮಾತೂ ಬಾರದು. ಅವರ ಹೆಂಡತಿ ಬಂದು ಕೇಳಿದ್ದು ಇಷ್ಟೇ: "ಪಾಸ್ಕ ಹಬ್ಬಕ್ಕೆ ಮಗಳು ಮೊದಲನೇ ಸಲ ಪರಮಪ್ರಸಾದ ತಗೋತಾಳೆ ಸಾರ್. ಇವರಿಗೂ ಅವಳ ಜೊತೆ ತಗೋಬೇಕು ಅಂತ ಆಸೆ. ಅದಕ್ಕೆ ಮೊದಲು ಫಾದರ್ ಹತ್ರ ಪಾಪನಿವೇದನೆ ಆಗ್ಬೇಕಲ್ಲ? ಸನ್ನೆ ಗೊತ್ತಿದ್ದ ಹಳೇ ಫಾದರ್ ಹೋದ್ಮೇಲೆ ಮಾಡೇ ಇಲ್ಲ."

ಅದು ಆಮೇಲೆ, ಮೊದಲು ಅವರಿಗೆ ಭಾನುವಾರದ ಪೂಜೆ ಸರಿಮಾಡೋಣ ಎಂದಿತು ಸಮಿತಿ.

೧. ಸ್ಪೀಕರ್

"ಕೇಳ್ಸಲ್ಲ ಅಂದ್ರೆ ಸೌಂಡ್ ಜಾಸ್ತಿ ಮಾಡಿ" ಎಂದರು ನಮ್ಮ ಅಧ್ಯಕ್ಷರು. ದರ್ಜಿಯನ್ನು ಮುಂದಿನ ಬೆಂಚಿನಲ್ಲಿ, ಸ್ಪೀಕರ್ ಪಕ್ಕದಲ್ಲೇ ಕೂರಿಸಿದೆವು. ಅವರು ಡಬ್ಬದ ಮೇಲೆ ಅಂಗೈ ಇಟ್ಟು ಹಾಡಿನ ತಾಳಕ್ಕೆ ತಲೆ ಆಡಿಸತೊಡಗಿದರು. ಹಿಂದಿದ್ದ ಅಜ್ಜಿಯೊಬ್ಬರು "ಕಿವಿ ಬಂತು! ಪವಾಡ!" ಎಂದು ಅಳುತ್ತಾ ಮೇಣದಬತ್ತಿ ಹಚ್ಚಿಯೇಬಿಟ್ಟರು.

"ಪವಾಡ ಅಲ್ಲ ಕಣಜ್ಜಿ, ಡಬ್ಬ ನಡುಗ್ತಾ ಇದೆಯಂತೆ, ಹೊಲಿಗೆ ಮಿಷಿನ್ ಥರ" ಎಂದರು ದರ್ಜಿಯ ಹೆಂಡತಿ.

ಅದೇ ಬೆಂಚಿನಲ್ಲಿದ್ದ ಅಧ್ಯಕ್ಷರು ಮಾತ್ರ ಮಂಗಳವಾರದವರೆಗೂ ಏನು ಹೇಳಿದರೂ "ಆಂ?" ಎನ್ನುತ್ತಿದ್ದರು.

೨. ಸನ್ನೆ

ಮುಂದಿನ ಬೆಂಚಿನಲ್ಲಿ ಕೂತವರಿಗೆ ಹಿಂದೆ ಜನ ಎದ್ದದ್ದು ಕಾಣುವುದಿಲ್ಲ. ಆದ್ದರಿಂದ ಯಾವಾಗ ಏಳಬೇಕು, ಯಾವಾಗ ಮೊಣಕಾಲೂರಬೇಕು ಎಂದು ದರ್ಜಿಗೆ ಸನ್ನೆ ಮಾಡುವ ಕೆಲಸ ನನಗೆ ಬಂತು. ನಾನೋ ಚಿಕ್ಕಂದಿನಿಂದ ಪಕ್ಕದವರನ್ನು ನೋಡಿಕೊಂಡೇ ಎದ್ದು ಕೂತು ಮಾಡಿದವನು.

ಒಂದು ಭಾನುವಾರ ಫಾದರ್ ಉಪದೇಶ ಕೊಡುತ್ತಿದ್ದಾಗ ಸೊಳ್ಳೆ ಓಡಿಸಲು ಕೈ ಎತ್ತಿದೆ. ದರ್ಜಿ ಎದ್ದರು. ಅವರನ್ನು ನೋಡಿ ಎರಡನೇ ಬೆಂಚು ಎದ್ದಿತು, ಅದನ್ನು ನೋಡಿ ಇಡೀ ಚರ್ಚು ಎದ್ದಿತು. ಎಲ್ಲರೂ ಎದ್ದಿದ್ದಾರಲ್ಲ ಎಂದು ನಾನೂ ಎದ್ದೆ. ಫಾದರ್ ಗಲಿಬಿಲಿಗೊಂಡು ಉಪದೇಶವನ್ನು ಅಲ್ಲಿಗೇ ಬಿಟ್ಟು ಮುಂದಿನ ಪ್ರಾರ್ಥನೆ ಶುರು ಮಾಡಿದರು.

ಪೂಜೆ ಮುಗಿದ ಮೇಲೆ ಎಷ್ಟೋ ಜನ ಬಂದು ನನ್ನ ಕೈ ಕುಲುಕಿದರು. "ಮುಂದಿನ ವಾರಾನೂ ನೀವೇ ತಾನೇ ಸಾರ್?"

೩. ಪರದೆ

ಪಾಸ್ಕ, ಅಂದರೆ ಈಸ್ಟರ್, ಹತ್ತಿರ ಬಂತು; ಪಾಪನಿವೇದನೆ ಹಾಗೇ ಉಳಿದಿತ್ತು. ನಮ್ಮಲ್ಲಿ ಫಾದರ್ ಪೆಟ್ಟಿಗೆಯಂಥ ಗೂಡಿನೊಳಗೆ, ಜಾಲರಿಯ ಹಿಂದೆ ಕೂರುತ್ತಾರೆ. ನಾವು ಹೊರಗೆ ಮೊಣಕಾಲೂರಿ ಪಿಸುಗುಟ್ಟುತ್ತೇವೆ. ಸನ್ನೆ ಜಾಲರಿಯಲ್ಲಿ ತೂರುವುದಿಲ್ಲ. ಪಾಪ, ಆ ದರ್ಜಿ ಪ್ರತಿ ಶನಿವಾರ ಬಂದು, ಎದುರಿನ ಬೆಂಚಿನಲ್ಲಿ ಕೂತು, ನಮ್ಮನ್ನೆಲ್ಲ ನೋಡಿ ಹಾಗೇ ಮನೆಗೆ ಹೋಗುತ್ತಿದ್ದರು. ನನಗೆ ಸಂಕಟವಾಗುತ್ತಿತ್ತು.

"ಹೆಂಡತಿ ಅರ್ಥ ಹೇಳಲಿ" ಎಂದರು ಅಧ್ಯಕ್ಷರು.

"ಅಯ್ಯೋ, ಅರ್ಧ ಪಾಪ ನನ್ನ ವಿಷಯದಲ್ಲೇ ಇರುತ್ತೆ ಸಾರ್!" ಎಂದರು ಆಕೆ.

"ವೆರಾಂಡದಲ್ಲಿ ಎದುರುಬದುರು ಕೂರ್ತೀವಿ" ಎಂದರು ಫಾದರ್. "ನನಗೆ ಅರ್ಥ ಆಗ್ದಿದ್ರೆ ದೇವರಿಗೆ ಆಗುತ್ತೆ."

"ಎಲ್ಲಾರ ಮುಂದೆ ಬಯಲಾಟ ಆಗ್ಬಿಡುತ್ತೆ ಫಾದರ್! ಪರದೆ ಬೇಕು" ಎಂದರು ಅಧ್ಯಕ್ಷರು. ಪರದೆ ಹೊಲಿಯುವ ಕೆಲಸವನ್ನೂ ದರ್ಜಿಗೇ ಕೊಟ್ಟೆವು.

ಹಬ್ಬದ ಹಿಂದಿನ ದಿನ ಅವರು ನೀಲಿ ಪರದೆ ಕಂಕುಳಲ್ಲಿಟ್ಟುಕೊಂಡು ಬಂದರು. ಅದನ್ನು ಕಟ್ಟದೆಯೇ ವೆರಾಂಡದಲ್ಲಿ ಫಾದರ್ ಎದುರು ಕೂತು, ನಮ್ಮೆಲ್ಲರ ಮುಂದೆ ಕೈಸನ್ನೆಯಲ್ಲೇ ಪಾಪ ಹೇಳಿಕೊಂಡರು. ಕೊನೆಗೆ ಫಾದರ್ ಅವರ ತಲೆಯ ಮೇಲೆ ಕೈಯಿಟ್ಟಾಗ ದರ್ಜಿ ಗಳಗಳನೆ ಅತ್ತರು. ನಾನೂ ಕಣ್ಣೊರೆಸಿಕೊಂಡೆ.

ಆಮೇಲೆ ಅವರು ಎದ್ದು, ಒಳಗೆ ಹೋಗಿ, ನಾವು ಮೊಣಕಾಲೂರುವ ಜಾಗದ ಸುತ್ತ ಪರದೆ ಕಟ್ಟತೊಡಗಿದರು.

"ಅಲ್ಲಲ್ಲ, ಅದು ನಿಮಗೆ!" ಎಂದು ಅಧ್ಯಕ್ಷರು ಕೈ ಬೀಸಿದರು.

"ನಿಮಗೇ ಬೇಕಂತೆ ಸಾರ್" ಎಂದರು ಹೆಂಡತಿ. "ಇವರು ತುಟಿ ನೋಡೇ ಮಾತು ತಿಳ್ಕೋತಾರೆ. ಇಷ್ಟು ದಿನ ಶನಿವಾರ ಶನಿವಾರ ಎದುರಿಗೇ ಕೂತಿದ್ರಲ್ಲ."

ಪಾಪನಿವೇದನೆಗೆ ಸಾಲಿನಲ್ಲಿ ನಿಂತವರೆಲ್ಲ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು.

"ಮೊದ್ಲೇ ಯಾಕಮ್ಮ ಹೇಳ್ಲಿಲ್ಲ?" ಎಂದೆ.

"ನೀವು ಯಾರು ಕೇಳಿದ್ರಿ ಸಾರ್? ಡಬ್ಬದ ಪಕ್ಕ ಕೂರಿಸಿದ್ರಿ!"

ಮರುದಿನ ದರ್ಜಿ ಮಗಳ ಜೊತೆ ಪರಮಪ್ರಸಾದ ತೆಗೆದುಕೊಂಡು, ಅವಳ ಕೈ ಹಿಡಿದು ನಮ್ಮ ಕಡೆಗೇ ನಡೆದು ಬರುತ್ತಿದ್ದರು. ಮುಖದಲ್ಲಿ ಹಬ್ಬ. ನನ್ನ ಪಕ್ಕದಲ್ಲಿದ್ದ ಅಧ್ಯಕ್ಷರು ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು, "ಆ ಬಟ್ಟೆ ತೆಳ್ಳಗಿದೆ ಕಣ್ರೀ, ಇನ್ನೊಂದು ಪದರ ಹೊಲಿಸಿ" ಎಂದು ಪಿಸುಗುಟ್ಟಿದರು.

ನಾನು ಬಾಯಿ ಮುಚ್ಚಿಕೊಳ್ಳುವುದನ್ನು ಮರೆತು, "ಪರದೆಗೆ ಇನ್ನೊಂದು ಪದರವಾ ಸಾರ್?" ಎಂದೆ.

ದರ್ಜಿ ನಗುತ್ತಾ ಜೇಬಿನಿಂದ ಅಳತೆಯ ಟೇಪು ತೆಗೆದರು.