ಕ್ಯಾಸೆಟ್ ಊದುವ ಚಾಂಪಿಯನ್

ಮದುವೆಯಾದ ಹೊಸತರಲ್ಲಿ ಹೆಂಡತಿಯ ಮುಂದೆ ಒಂದಷ್ಟು ಬಡಾಯಿ ಕೊಚ್ಚುವುದು ಗಂಡಸರ ವಾಡಿಕೆ. ಪರೀಕ್ಷೆ ಮಾಡಲಾಗದ ವಿಷಯವನ್ನು ಆರಿಸಿಕೊಂಡರೆ ಕ್ಷೇಮ. ಚಿಕ್ಕಂದಿನಲ್ಲಿ ನಮ್ಮ ಚೆಂಬೂರು ಕಾಲೊನಿಗೆಲ್ಲ ವಿಡಿಯೊ ಗೇಮ್ ಚಾಂಪಿಯನ್ ನಾನೇ ಎಂದು ನಾನು ಹೇಳಿದ್ದು ಈ ಧೈರ್ಯದಿಂದಲೇ. ಆ ಯಂತ್ರ ಗುಜರಿಗೆ ಹೋಗಿ ಯಾವ ಕಾಲವಾಗಿತ್ತೋ. ಅದು ಮತ್ತೆ ಎದ್ದು ಬಂದು ನನ್ನ ಮಾನ ಕಳೆಯುತ್ತದೆಂದು ಯಾರಿಗೆ ಗೊತ್ತಿತ್ತು?

ಕಾಲೇಜಿಗೆ ಹೋಗುವ ಮಗಳು ಒಂದು ಭಾನುವಾರ ಲ್ಯಾಪ್‌ಟಾಪಿಗೆ ಎಮ್ಯುಲೇಟರ್ ಎಂಬುದನ್ನು ತುಂಬಿಸಿದಳು. ಅಂದರೆ ಲ್ಯಾಪ್‌ಟಾಪೇ ಹಳೆಯ ಯಂತ್ರದ ವೇಷ ಕಟ್ಟಿಕೊಂಡು, ಅದೇ ಆಟ, ಅದೇ ಟುಂಯ್ ಟುಂಯ್ ಸಂಗೀತದೊಂದಿಗೆ ಕುಣಿಯುವ ವ್ಯವಸ್ಥೆ. ನನಗೆ ಖುಷಿಯಿಂದ ಮೈಯೆಲ್ಲ ಜುಮ್ಮೆಂದಿತು. "ಕ್ಯಾಸೆಟ್ ಎಲ್ಲಿ? ತಾ, ಊದಿ ಕೊಡ್ತೇನೆ" ಎಂದೆ.

ಈಗಿನವರಿಗೆ ಹೇಳಬೇಕು. ಆಟ ತುಂಬಿದ ಹಳದಿ ಪ್ಲಾಸ್ಟಿಕ್ ಡಬ್ಬಿಯನ್ನು ನಾವೆಲ್ಲ ಕ್ಯಾಸೆಟ್ ಎನ್ನುತ್ತಿದ್ದೆವು. ಯಂತ್ರಕ್ಕೆ ಸಿಕ್ಕಿಸಿದರೆ ಟೀವಿಯಲ್ಲಿ ಬರೀ ಗೆರೆ. ಹೊರಗೆ ತೆಗೆದು ಉಫ್ ಎಂದು ಊದಿ ಮತ್ತೆ ಸಿಕ್ಕಿಸಿದರೆ ಆಟ ಶುರು. ಈ ಊದುವ ವಿದ್ಯೆಯಲ್ಲಿ ನಾನು ನಿಸ್ಸೀಮ. ಬಿಲ್ಡಿಂಗಿನ ಯಾವ ಮನೆಯಲ್ಲಿ ಕ್ಯಾಸೆಟ್ ಕೈಕೊಟ್ಟರೂ ನನಗೇ ಕರೆ ಬರುತ್ತಿತ್ತು. ಊದಿದ್ದಕ್ಕೆ ಬಹುಮಾನವಾಗಿ ಪಕ್ಕದಲ್ಲಿ ಕೂತು ನೋಡಲು ಬಿಡುತ್ತಿದ್ದರು. ಆಡುತ್ತಿದ್ದವರು ಬೇರೆಯವರು. ಈ ಸಣ್ಣ ವಿವರವನ್ನು ಹೆಂಡತಿಗೆ ಹೇಳುವುದು ಹೇಗೋ ಉಳಿದುಹೋಗಿತ್ತು.

"ಪಪ್ಪಾ, ಇದರಲ್ಲಿ ಕ್ಯಾಸೆಟ್ ಇಲ್ಲ ನಾ. ಬರೀ ಫೈಲ್ ಉಂಟು. ಊದುದು ಕಿಸ್‌ಕೋ, ಯಾವುದನ್ನು?" ಎಂದಳು ಮಗಳು. ನನಗಿದ್ದ ಒಂದೇ ಒಂದು ವಿದ್ಯೆಯೂ ಹೋಯಿತು. ಅವಳು ಆಟ ಶುರು ಮಾಡಿ ಕೊಟ್ಟಳು, ನಾನು ಪರದೆಯ ಮೇಲಿನ ಗೊಂಬೆಯನ್ನು ಓಡಿಸಿ ಮೊದಲ ಹೊಂಡಕ್ಕೇ ಬಿದ್ದೆ. ಮತ್ತೆ ಶುರು ಮಾಡಿ ಕೊಟ್ಟಳು. ಮತ್ತೆ ಅದೇ ಹೊಂಡ. ನಗರದ ಇನ್ನೊಂದು ತುದಿಯ ದಹಿಸರಿನಲ್ಲಿ ಬೆಳೆದ ನನ್ನ ಹೆಂಡತಿ ದೋಸೆಹಿಟ್ಟಿನ ಕೈ ಒರೆಸಿಕೊಂಡು ಬಂದು, ಹೊಂಡಗಳನ್ನೆಲ್ಲ ಹಾರಿ ಕೋಟೆಯ ಬಾಗಿಲಿನವರೆಗೆ ಹೋಗಿಬಿಟ್ಟಳು. "ಎಂತ ಮಾರಾಯ್ರೇ, ನಿಮ್ಮ ಚೆಂಬೂರಿನಲ್ಲಿ ಹೊಂಡಕ್ಕೆ ಬಿದ್ದವರಿಗೆ ಚಾಂಪಿಯನ್ ಅಂತ ಹೇಳುದಾ?" ತಾಯಿ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ನಗು ಬಂತು, ಆದರೆ ಸಿಟ್ಟು ಅದಕ್ಕಿಂತ ಜಾಸ್ತಿ ಬಂತು. ಮುಂದಿನ ಭಾನುವಾರ ಆ ಕೋಟೆ ಹೊಕ್ಕೇ ತೀರುತ್ತೇನೆ ಎಂದು ಸವಾಲು ಹಾಕಿದೆ.

ಆ ಭಾನುವಾರ ಮಗಳಿಗೂ ಕಾಯದೆ ನಾನೇ ಆಟ ತೆರೆದು ಲ್ಯಾಪ್‌ಟಾಪಿನ ಮುಂದೆ ಕೂತೆ. ಪವಾಡ! ನನ್ನ ಗೊಂಬೆ ಮೊದಲ ಹೊಂಡ ಹಾರಿತು. ಎರಡನೆಯದನ್ನೂ ಹಾರಿತು! ನಾನು ಕುರ್ಚಿಯಿಂದ ಅರ್ಧ ಎದ್ದು, ಎಡಕ್ಕೂ ಬಲಕ್ಕೂ ವಾಲುತ್ತ, ಗುಂಡಿಗಳನ್ನು ಕುಟ್ಟುತ್ತ, "ಬನ್ನಿ, ಬೇಗ ಬಂದು ನೋಡಿ!" ಎಂದು ಕೂಗಿದೆ. ಹೆಂಡತಿ ಬಾಯಿ ತೆರೆದು ನಿಂತಳು. ಗೊಂಬೆ ಕೋಟೆ ಹೊಕ್ಕಿತು. ನಾನು ಎರಡೂ ಕೈ ಮೇಲೆತ್ತಿ ಕುಣಿದೇಬಿಟ್ಟೆ. ನನ್ನ ಕೈ ಮೇಲಿದ್ದರೂ ಗೊಂಬೆ ಮಾತ್ರ ಆರಾಮವಾಗಿ ಓಡುತ್ತಲೇ ಇತ್ತು.

"ಪಪ್ಪಾ, ನೀವು ಸ್ಟಾರ್ಟ್ ಒತ್ತಲೇ ಇಲ್ಲ. ಇದು ಡೆಮೊ. ಗೇಮ್ ಖುದ್ ತಾನೇ ಆಡ್ತಾ ಉಂಟು" ಎಂದಳು ಮಗಳು.

ಈಗ ಮನೆಯಲ್ಲಿ ಮಿಕ್ಸರ್ ನಿಂತರೂ, ವೈಫೈ ಹೋದರೂ ನಾನು ಎದ್ದರೆ ಸಾಕು, ಹೆಂಡತಿ ಹೇಳುತ್ತಾಳೆ: "ನೀವು ಕೂತುಕೊಳ್ಳಿ ಮಾರಾಯ್ರೇ. ನೀವು ಮುಟ್ಟದಿದ್ದರೆ ಅದು ತಾನಾಗಿ ಸರಿಯಾಗ್ತದೆ."

ಬೇಸರದ ಸಂಗತಿ ಏನೆಂದರೆ, ಹಾಗೆಯೇ ಆಗುತ್ತದೆ.